‘ನೀವು ಯಾರ ಪೈಕಿ?’: ಸಂಶೋಧಕರ ಗುರುತು ಮತ್ತು ಕ್ಷೇತ್ರಕಾರ್ಯ

ಕಾರವಾರದ ಬೈತಖೋಲ ಬಂದರು. ಬೆಳಗಿನ 5.30. ಬೋಟುಗಳು ಬಂದು ನಿಲ್ಲುವ ಹೊತ್ತಿಗೆ ಬುಟ್ಟಿ ಹಿಡಿದು ಕಾಯುವ ಹೆಂಗಸರ ನಡುವೆ ನೋಟ್‌ಬುಕ್ ಹಿಡಿದು ನಿಂತರೆ, ಮೊದಲ ಪ್ರಶ್ನೆ ಬರುವುದು ಅವರಿಂದಲೇ. ಯಾವೂರು? ಯಾರ ಪೈಕಿ? ಮದುವೆ ಆಗಿದೆಯಾ? ಮೀನು ತಿಂತೀರಾ? ಆಮೇಲೆ ದನಿ ಸ್ವಲ್ಪ ಬಿಗಿಯಾಗುತ್ತದೆ: ಇದು ಯಾವ ಪ್ರೊಜೆಕ್ಟಿನ ಸರ್ವೆ?

ಮೀನು ಮಾರುವ ಹೆಂಗಸರ ಸಾಲ, ಬಡ್ಡಿ, ದಿನದ ಲೆಕ್ಕಾಚಾರ ತಿಳಿಯಲೆಂದು ನಾನು ಮೊದಲ ಸಲ ಅಲ್ಲಿಗೆ ಹೋದಾಗ ಈ ಪ್ರಶ್ನೆಗಳನ್ನು ಬೇಗ ಬೇಗ ಉತ್ತರಿಸಿ ಮುಗಿಸಿದ್ದೆ. ನನ್ನ ‘ಅಸಲು’ ಪ್ರಶ್ನೆಗಳು ಆಮೇಲೆ ಶುರುವಾಗಬೇಕಿತ್ತಲ್ಲ. ಅವರು ಅಷ್ಟರಲ್ಲಿ ತಮ್ಮ ಕೆಲಸ ಮುಗಿಸಿದ್ದರು. ಶಿರಸಿ ಬದಿಯ ಹವ್ಯಕರ ಮನೆಯ ಹುಡುಗಿ, ಮೀನು ಮುಟ್ಟುವವಳಲ್ಲ, ಕನ್ನಡದಲ್ಲಿ ಮಾತಾಡುತ್ತಾಳೆ, ಬರೆದುಕೊಳ್ಳುತ್ತಾಳೆ ಎಂದು ನನ್ನನ್ನು ಅಳೆದು, ಇವಳಿಗೆ ಏನು ಹೇಳಬಹುದು, ಏನು ಹೇಳಬಾರದು ಎಂದು ತೀರ್ಮಾನಿಸಿದ್ದರು. ಆ ವಾರ ನನಗೆ ಸಿಕ್ಕ ಮಾಹಿತಿಯೆಲ್ಲ ಆ ತೀರ್ಮಾನದ ಜರಡಿಯಲ್ಲಿ ಇಳಿದು ಬಂದದ್ದು.

ಸಮಾಜವಿಜ್ಞಾನದಲ್ಲಿ ಇದಕ್ಕೆ ‘ಪೊಸಿಷನಾಲಿಟಿ’ ಎಂಬ ಹೆಸರಿದೆ. ಸಂಶೋಧಕರು ಎಲ್ಲಿ ನಿಂತು ನೋಡುತ್ತಿದ್ದಾರೆ, ಅವರನ್ನು ಯಾರೆಂದು ನೋಡಲಾಗುತ್ತಿದೆ ಎಂಬ ಎರಡೂ ಅದರೊಳಗೆ ಬರುತ್ತವೆ. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎರಡನೆಯದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ, ಏಕೆಂದರೆ ಅದು ನಮ್ಮ ಕೈಯಲ್ಲಿಲ್ಲ.

ಗುಣಾತ್ಮಕ ಸಂಶೋಧನೆ ಎಂದರೆ ಎಷ್ಟು ಜನ ಎಂದು ಎಣಿಸುವುದಕ್ಕಿಂತ ಹೇಗೆ, ಯಾಕೆ ಎಂದು ಕೇಳುವ ಬಗೆ. ಮನೆಯಲ್ಲಿ ಕೂತು ಮಾತಾಡುವುದು, ಜೊತೆಗೆ ಬದುಕುವುದು, ನೋಡಿದ್ದನ್ನು ದಿನವೂ ಬರೆದಿಡುವುದು ಅದರ ದಾರಿ; ಕ್ಷೇತ್ರಕಾರ್ಯ ಎನ್ನುವುದು ಇದನ್ನೇ. ಇಲ್ಲಿ ಅಳತೆಯ ಉಪಕರಣ ಸಂಶೋಧಕರೇ. ಥರ್ಮಾಮೀಟರಿಗೆ ಜಾತಿಯಿಲ್ಲ, ಜ್ವರ ಬಂದವರು ಅದರ ಮುಖ ನೋಡಿ ಮೈ ಬಿಸಿಯನ್ನು ಬದಲಿಸುವುದಿಲ್ಲ. ಮನುಷ್ಯರು ಮಾತ್ರ ಎದುರಿಗಿರುವವರ ಮುಖ ನೋಡಿಯೇ ಮಾತು ಬದಲಿಸುತ್ತಾರೆ. ನಾವೆಲ್ಲರೂ ಹಾಗೆಯೇ. ಡಾಕ್ಟರಿಗೆ ಹೇಳುವ ಹೊಟ್ಟೆನೋವು, ಅತ್ತೆಗೆ ಹೇಳುವ ಹೊಟ್ಟೆನೋವು ಬೇರೆ ಬೇರೆ.

ಇದನ್ನು ಎರಡೇ ಮಾತಿನಲ್ಲಿ ಕಾಣಿಸಿದವರು ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್. ಈಗಿನ ದಕ್ಷಿಣ ಸುಡಾನಿನ ಭಾಗದಲ್ಲಿ ಅವರು ಅಜಾಂಡೆ ಮತ್ತು ನುಯೆರ್ ಎಂಬ ಎರಡು ಸಮುದಾಯಗಳ ನಡುವೆ ಕೆಲಸ ಮಾಡಿದರು. ಅಜಾಂಡೆಗಳು ತನ್ನನ್ನು ತಮ್ಮವನಂತೆ ಬದುಕಲು ಬಿಡಲಿಲ್ಲ, ನುಯೆರ್ ಜನ ಬೇರೆ ರೀತಿ ಬದುಕಲು ಬಿಡಲಿಲ್ಲ. ಅಲ್ಲಿ ತಾನು ಮೇಲಿನವನು, ಇಲ್ಲಿ ಸರಿಸಮಾನ ಎಂಬರ್ಥದಲ್ಲಿ 1940ರಲ್ಲಿ ಬರೆದರು. ಮನುಷ್ಯ ಒಬ್ಬನೇ, ಚರ್ಮದ ಬಣ್ಣ, ಪಾಸ್‌ಪೋರ್ಟ್, ಓದು ಎಲ್ಲವೂ ಒಂದೇ. ಆದರೆ ಅಜಾಂಡೆಗಳಲ್ಲಿ ರಾಜಮನೆತನಗಳಿದ್ದವು, ಮೇಲು-ಕೀಳಿನ ಮೆಟ್ಟಿಲುಗಳಿದ್ದವು, ಹೊರಗಿನಿಂದ ಬಂದ ಬಿಳಿಯನನ್ನು ಕೂರಿಸಲು ಒಂದು ಮೆಟ್ಟಿಲು ತಯಾರಿತ್ತು. ನುಯೆರ್‌ಗಳಲ್ಲಿ ಅಂಥ ದೊರೆಗಳಿರಲಿಲ್ಲ. ಅದಕ್ಕೂ ಮಿಗಿಲಾಗಿ, ಅವರ ಮೇಲೆ ಬ್ರಿಟಿಷ್ ಆಡಳಿತ ದಂಡಯಾತ್ರೆ ನಡೆಸಿದ ಗಾಯ ಇನ್ನೂ ಹಸಿಯಾಗಿತ್ತು. ಒಂದು ಬೆಳಗ್ಗೆ ಸರ್ಕಾರದ ಪಡೆ ಇವಾನ್ಸ್-ಪ್ರಿಚರ್ಡ್ ಇದ್ದ ಬಿಡಾರವನ್ನೇ ಸುತ್ತುವರಿದು ಜನರನ್ನು ಒತ್ತೆಯಾಗಿ ಹಿಡಿದೊಯ್ದಿತು. ಅದೇ ಸರ್ಕಾರದ ಕೋರಿಕೆಯ ಮೇಲೆ ಅಧ್ಯಯನಕ್ಕೆ ಬಂದಿದ್ದ ಮನುಷ್ಯ ಅಂದಿನ ಮಟ್ಟಿಗೆ ಅಲ್ಲಿಂದ ಹೊರಡಬೇಕಾಯಿತು.

ಇದನ್ನು ಓದುವಾಗಲೆಲ್ಲ ಬೈತಖೋಲದ ‘ಯಾವ ಪ್ರೊಜೆಕ್ಟಿನ ಸರ್ವೆ’ ನನಗೆ ನೆನಪಾಗುತ್ತದೆ. ಕಾಳಿ ನದಿಯ ಮೇಲೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಸಮುದ್ರದಂಚಿಗೆ ಸೀಬರ್ಡ್ ನೌಕಾನೆಲೆ. ನಮ್ಮ ಜಿಲ್ಲೆಯಲ್ಲಿ ಊರು ಬಿಟ್ಟು ಎದ್ದು ಹೋದವರ ನೆನಪಿನಲ್ಲಿ ಎಲ್ಲವೂ ಶುರುವಾದದ್ದು ನೋಟ್‌ಬುಕ್ ಹಿಡಿದ ಯಾರೋ ಬಂದು ಮನೆಯಲ್ಲಿ ಎಷ್ಟು ಜನ, ಎಷ್ಟು ತೆಂಗಿನಮರ ಎಂದು ಕೇಳುವುದರಿಂದ. ನನ್ನ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ನನ್ನ ಕೈಯ ನೋಟ್‌ಬುಕ್ಕಿಗೆ ಆ ಚರಿತ್ರೆ ಅಂಟಿಕೊಂಡೇ ಇತ್ತು. ಭಾಷೆಗೂ ಹಾಗೆಯೇ. ಶಿರಸಿಯಲ್ಲಿ ಕನ್ನಡ ಮನೆಮಾತು, ಪೇಟೆಮಾತು. ಕಾರವಾರದ ಬಂದರಿನಲ್ಲಿ ಮನದ ಮಾತು ಕೊಂಕಣಿ. ಕನ್ನಡ ಅಲ್ಲಿ ಹೆಚ್ಚಾಗಿ ಶಾಲೆ, ತಾಲೂಕು ಕಚೇರಿ, ಅರ್ಜಿಗಳ ಮಾತು. ನಾನು ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಆಫೀಸಿನ ಕಡೆಯವಳಾದೆ. ತೊದಲು ಕೊಂಕಣಿ ಕಲಿತ ಮೇಲೆ ಅಕ್ಕ-ತಂಗಿಯರನ್ನು ಕರೆಯುವ ಹಾಗೆ ‘ಬಾಯ್’ ಎಂದು ಕರೆಯತೊಡಗಿದರು, ತಪ್ಪು ತಿದ್ದಿದರು. ತಿದ್ದುವಾಗ ಅವರು ಮೇಲೆ, ನಾನು ಕೆಳಗೆ. ಬಡ್ಡಿಯ ನಿಜವಾದ ದರ ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ಸ್ವಂತ ನಾಡಿನಲ್ಲಿ ಕೆಲಸ ಮಾಡಿದರೆ ಈ ತೊಡಕು ಇರುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಅನುಭವ ಅದನ್ನು ಅಲುಗಾಡಿಸುತ್ತದೆ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋದರು. ಬರವಣಿಗೆಯಲ್ಲಿ ಅದನ್ನು ‘ರಾಂಪುರ’ ಎಂದು ಕರೆದರು. ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಅವರನ್ನು ಊರಿನವರು ಕಂಡದ್ದು ಬ್ರಾಹ್ಮಣನಾಗಿ. ಬ್ರಾಹ್ಮಣನಾದವನು ಸ್ನಾನಕ್ಕೆ ಮುಂಚೆ ಕ್ಷೌರ ಮಾಡಿಕೊಳ್ಳಬೇಕೇ ಹೊರತು ಆಮೇಲಲ್ಲ ಎಂದು ಊರಿನವರೇ ಅವರಿಗೆ ತಿಳಿಸಿಕೊಡಬೇಕಾಯಿತು. ಊರ ಮುಖಂಡರ ಆಶ್ರಯದಲ್ಲಿ ಉಳಿದದ್ದರಿಂದ ಒಕ್ಕಲಿಗ ಜಮೀನ್ದಾರರ ಜಗಲಿ ಅವರಿಗೆ ತೆರೆದಿತ್ತು. ದಲಿತರ ಕೇರಿ ಅಷ್ಟಾಗಿ ತೆರೆಯಲಿಲ್ಲ. ತಾನು ಕಂಡದ್ದು ಮೇಲಿನ ಜಾತಿಗಳ ಕಣ್ಣಿನ ಹಳ್ಳಿ ಎಂದು ಅವರೇ ಒಪ್ಪಿಕೊಂಡರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ಕೂತು ಅಣಿಗೊಳಿಸಿದ್ದ ಅವರ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ಆ ಹಳ್ಳಿಯನ್ನು ಬಹುಪಾಲು ನೆನಪಿನಿಂದ ಬರೆದರು. ಯಾರ ಜಗಲಿಯಲ್ಲಿ ಹೆಚ್ಚು ಹೊತ್ತು ಕೂತಿದ್ದೆವೋ ಅವರೇ ತಾನೆ ನೆನಪಿನಲ್ಲೂ ಹೆಚ್ಚು ಉಳಿಯುವವರು.

ಸಂಶೋಧಕರ ಜೊತೆಗಿರುವವರ ಗುರುತೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಜೆರಾಲ್ಡ್ ಬೆರೆಮನ್ 1950ರ ದಶಕದ ಕೊನೆಯಲ್ಲಿ ಗಢವಾಲದ ಒಂದು ಬೆಟ್ಟದೂರಿನಲ್ಲಿದ್ದರು. ಅವರ ದುಭಾಷಿ ಬ್ರಾಹ್ಮಣ. ಆತ ಕಾಯಿಲೆ ಬಿದ್ದು ಹೋದಾಗ ಆ ಜಾಗಕ್ಕೆ ಒಬ್ಬ ಮುಸ್ಲಿಂ ಉಪಾಧ್ಯಾಯರು ಬಂದರು. ಮೇಲಿನ ಜಾತಿಯವರು ಸ್ವಲ್ಪ ದೂರವಾದರು. ಕೆಳಗಿನ ಜಾತಿಗಳವರು ಹತ್ತಿರ ಬಂದು, ಬ್ರಾಹ್ಮಣ ದುಭಾಷಿಯ ಮುಂದೆ ಬಾಯಿಬಿಡದಿದ್ದ ಸಂಗತಿಗಳನ್ನು ಹೇಳತೊಡಗಿದರು. ಸಂಶೋಧಕ ಅದೇ, ಊರೂ ಅದೇ. ದುಭಾಷಿ ಬದಲಾಗಿದ್ದಕ್ಕೆ ಊರಿನ ಇನ್ನೊಂದು ಮುಖ ಕಂಡಿತು. 1962ರಲ್ಲಿ ಬೆರೆಮನ್ ಇದನ್ನು ಮುಚ್ಚುಮರೆಯಿಲ್ಲದೆ ಬರೆದದ್ದು ಈ ಕ್ಷೇತ್ರಕ್ಕೆ ದೊಡ್ಡ ಉಪಕಾರ.

ಇದು ನನಗೆ ಸ್ವಂತ ಅನುಭವದಿಂದ ಅರ್ಥವಾದದ್ದು ಯಲ್ಲಾಪುರದ ಕಾಡಿನ ಸಿದ್ದಿಯರ ಕೇರಿಯಲ್ಲಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರ ವಂಶಜರು ಇವರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಸುತ್ತ ನೆಲೆಸಿದ್ದಾರೆ, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳಲ್ಲಿದ್ದಾರೆ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಯುರೋಪಿನಿಂದ ಬಂದ ಸಂಶೋಧಕಿಯೊಬ್ಬಳಿಗೆ ನಾನು ದುಭಾಷಿಯಾಗಿ ಹೋಗಿದ್ದೆ. ಕೂಲಿ ಕೆಲಸದ ಬಗ್ಗೆ ಅವಳು ಕೇಳಿದ್ದಕ್ಕೆಲ್ಲ ‘ಚಲೋ ಇದೆ, ತೋಟದವರು ಚಲೋ ನೋಡ್ಕೊಳ್ತಾರೆ’ ಎಂದೇ ಉತ್ತರ. ಮೂರನೆಯ ದಿನ ನನಗೆ ಜ್ವರ, ಹೋಗಲಾಗಲಿಲ್ಲ. ಅದೇ ಕೇರಿಯ, ಪದವಿ ಓದುತ್ತಿದ್ದ ಹುಡುಗಿಯೊಬ್ಬಳು ಅರೆಬರೆ ಇಂಗ್ಲಿಷಿನಲ್ಲಿ ದುಭಾಷಿಯಾದಳು. ಸಂಜೆ ಬಂದ ಸಂಶೋಧಕಿಯ ಟಿಪ್ಪಣಿ ತುಂಬ ಬೇರೆ ಮಾತುಗಳಿದ್ದವು: ಮುಂಗಡ ಹಣ, ಹಿತ್ತಲ ಬಾಗಿಲಲ್ಲಿ ಬಡಿಸಿದ ಊಟ, ಬೇರೆ ಲೋಟ. ನಾನು ತೋಟದವರ ಮನೆಯವಳು. ನನ್ನ ಬಾಯಿಯಿಂದ ಪ್ರಶ್ನೆ ಬಂದಾಗ ಅದಕ್ಕೆ ‘ಚಲೋ ಇದೆ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಸಾಧ್ಯವಿತ್ತು? ಆ ಎರಡು ದಿನಗಳ ಅನುವಾದದಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ.

ಸಿದ್ದಿಯರ ಬಗ್ಗೆ ನಮ್ಮ ನಾಡಿನ ಟಿ.ಸಿ. ಪಾಲಾಕ್ಷಪ್ಪ ಅಧ್ಯಯನ ಮಾಡಿದರು. ಮುಂದೆ ಘಾನಾ ಮೂಲದ ಪಾಶಿಂಗ್ಟನ್ ಒಬೆಂಗ್ ಮಾಡಿದರು. ‘ನಿಮ್ಮ ಹಿರಿಯರು ಎಲ್ಲಿಂದ ಬಂದವರು?’ ಎಂಬ ಒಂದೇ ಪ್ರಶ್ನೆ ಇಬ್ಬರ ಬಾಯಲ್ಲೂ ಒಂದೇ ಪ್ರಶ್ನೆಯಾಗಿ ಉಳಿಯಲಾರದು. ಒಬ್ಬರು ಕೇಳಿದರೆ ‘ನೀವು ಇಲ್ಲಿಯವರಲ್ಲ’ ಎಂಬ ಹಳೆಯ ಮಾತಿನ ನೆರಳು ಬೀಳಬಹುದು, ಇನ್ನೊಬ್ಬರು ಕೇಳಿದರೆ ನಂಟಸ್ತಿಕೆಯ ಕರೆಯಂತೆ ಕೇಳಿಸಬಹುದು.

ಹೆಣ್ಣಾಗಿದ್ದರೆ ಇನ್ನೂ ಒಂದು ಲೆಕ್ಕ. ಮಾನವಶಾಸ್ತ್ರಜ್ಞೆ ಲೀಲಾ ಅಬು-ಲುಘೋದ್ 1970ರ ದಶಕದ ಕೊನೆಯಲ್ಲಿ ಈಜಿಪ್ಟಿನ ಪಶ್ಚಿಮ ಮರುಭೂಮಿಯ ಬೆದುಯಿನರ ನಡುವೆ ಕೆಲಸಕ್ಕೆ ಹೊರಟಾಗ, ಪ್ಯಾಲೆಸ್ತೀನ್ ಮೂಲದ ಅವರ ತಂದೆ ತಾನೂ ಬರುತ್ತೇನೆ ಎಂದು ಪಟ್ಟುಹಿಡಿದರು. ಅಮೆರಿಕದಲ್ಲಿ ಬೆಳೆದ ಮಗಳಿಗೆ ಮುಜುಗರ. ಸಂಶೋಧನೆಗೆ ಅಪ್ಪನನ್ನು ಕರೆದುಕೊಂಡು ಹೋಗುವವರುಂಟೇ? ಆಮೇಲೆ ತಿಳಿಯಿತು: ಒಂಟಿಯಾಗಿ ಬಂದ ಮದುವೆಯಾಗದ ಹೆಣ್ಣು ಆ ಜನರ ಕಣ್ಣಲ್ಲಿ ಮನೆತನದವರು ಕೈಬಿಟ್ಟವಳು. ಅಪ್ಪ ಬಂದು ಮನೆಯ ಯಜಮಾನನಿಗೆ ಒಪ್ಪಿಸಿದ್ದರಿಂದ ಅವಳು ಮರ್ಯಾದಸ್ಥರ ಮಗಳಾದಳು, ಆ ಮನೆಯ ಮಗಳೂ ಆದಳು. ಹೆಂಗಸರ ಒಳಮನೆಯೂ ಅವರು ಅಲ್ಲಿ ಹಾಡಿಕೊಳ್ಳುವ ಪದ್ಯಗಳೂ ಸಿಕ್ಕಿದ್ದು ಹಾಗೆ. ಗಂಡಸರ ಲೋಕದಲ್ಲಿ ಓಡಾಡುವ ಸ್ವಾತಂತ್ರ್ಯ ಅಷ್ಟೇ ಮಟ್ಟಿಗೆ ಕಡಿಮೆಯಾಯಿತು. ಕೆನಡಾದ ಉತ್ತರ ತುದಿಯ ಇನ್ಯೂಟ್ ಕುಟುಂಬವೊಂದು 1960ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್ ಅವರನ್ನು ಮಗಳಾಗಿ ಸೇರಿಸಿಕೊಂಡಿತು. ಅಲ್ಲಿ ಸಿಟ್ಟು ಮಾಡುವುದು ದೊಡ್ಡವರಿಗೆ ತಕ್ಕದ್ದಲ್ಲ. ಇನ್ಯೂಟರಿಂದ ಎರವಲು ಪಡೆದ ದೋಣಿಯನ್ನು ಹೊರಗಿನಿಂದ ಬಂದ ಬಿಳಿಯರು ಮುರಿದಾಗ ಬ್ರಿಗ್ಸ್ ಆ ಬಿಳಿಯರ ಮೇಲೆ ರೇಗಿದರು, ತಮ್ಮ ಮನೆಯವರ ಪರವಾಗಿಯೇ. ಅದಕ್ಕಾಗಿ ತಿಂಗಳುಗಟ್ಟಲೆ ಮನೆಯವರೇ ಅವರನ್ನು ಮೆಲ್ಲಗೆ ದೂರವಿಟ್ಟರು. ‘ಮಗಳು’ ಎಂಬ ಮಾತು ಸುಮ್ಮನೆ ಬರುವುದಿಲ್ಲ. ಮಗಳ ಕರ್ತವ್ಯವನ್ನೂ ಹೊತ್ತು ತರುತ್ತದೆ.

ನನ್ನ ಅಧ್ಯಯನದ ಎರಡನೆಯ ಭಾಗ ಕೀನ್ಯಾದ ಮೊಂಬಾಸಾ ಕರಾವಳಿಯಲ್ಲಿತ್ತು. ಅಲ್ಲಿ ಸಣ್ಣ ಮೀನು ಕೊಂಡು, ಹುರಿದು ಮಾರುವ ಹೆಂಗಸರನ್ನು ‘ಮಾಮಾ ಕರಂಗಾ’ ಎನ್ನುತ್ತಾರೆ. ಕಾರವಾರದ ಬಂದರು ನೋಡಿದವಳಿಗೆ ದಡದ ಕೂಗಾಟ, ಬುಟ್ಟಿ, ಕಾಯುವಿಕೆ ಎಲ್ಲವೂ ಪರಿಚಿತವೇ. ನಾನು ಮಾತ್ರ ಅಲ್ಲಿ ಬೇರೆಯೇ ಹೆಂಗಸಾಗಿದ್ದೆ. ಹವ್ಯಕ, ಶಿರಸಿ, ಅಡಿಕೆತೋಟ ಇವಕ್ಕೆ ಅಲ್ಲಿ ಅರ್ಥವೇ ಇಲ್ಲ. ನಾನು ‘ಮುಹಿಂದಿ’, ಅಂದರೆ ಭಾರತದವಳು. ಆ ಪದದ ಹಿಂದೆ ನೂರು ವರ್ಷಕ್ಕೂ ಮೀರಿದ ಕತೆಯಿದೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ರೈಲುಹಳಿ ಹಾಕಲು ಬ್ರಿಟಿಷರು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಅದಕ್ಕೂ ಮೊದಲಿನಿಂದ ಗುಜರಾತಿನ ವ್ಯಾಪಾರಿಗಳು ಆ ತೀರದಲ್ಲಿದ್ದರು. ಸ್ವಾಹಿಲಿಯಲ್ಲಿ ಅಂಗಡಿಗೆ ‘ದುಕಾ’ ಎನ್ನುತ್ತಾರೆ, ನಮ್ಮ ದುಕಾನೇ ಅದು. ವಸಾಹತು ಆಡಳಿತ ಬಿಳಿಯರನ್ನು ಮೇಲೆ, ಆಫ್ರಿಕನ್ನರನ್ನು ಕೆಳಗೆ, ಭಾರತೀಯರನ್ನು ನಡುವೆ ಇಟ್ಟಿತ್ತು. ಹಾಗಾಗಿ ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರ ಮಗಳಾಗಿದ್ದೆ. ಅಲ್ಲಿನ ಕೆಲವು ಹೆಂಗಸರ ಹುರಿಯುವ ಎಣ್ಣೆಯ ಸಾಲ ಇದ್ದದ್ದೂ ಭಾರತೀಯ ಮೂಲದವರ ಅಂಗಡಿಯಲ್ಲೇ. ಸಾಲದ ಬಗ್ಗೆ ನಾನು ಕೇಳಿದರೆ ಅದು ಸಂಶೋಧನೆಯಂತೆ ಕೇಳಿಸಲಿಲ್ಲ, ವಸೂಲಿಯಂತೆ ಕೇಳಿಸಿತು.

ಒಂದು ಮಧ್ಯಾಹ್ನ ಅವರಲ್ಲೊಬ್ಬಳು ಹುರಿದ ಮೀನನ್ನು ಕಾಗದದಲ್ಲಿಟ್ಟು ಕೊಟ್ಟಳು. ನಾನು ತಿನ್ನುವುದಿಲ್ಲ ಎಂದೆ. ಕಾರವಾರದಲ್ಲಿ ಇದೇ ಮಾತು ಹೇಳಿದಾಗ ‘ಭಟ್ರ ಮಗಳು, ಹೇಗೆ ತಿಂತದೆ?’ ಎಂದು ನನ್ನ ಪರವಾಗಿ ಅವರೇ ಸಮಾಧಾನ ಹೇಳಿ ಚಾ ತರಿಸಿದ್ದರು. ಜಾತಿ ನನ್ನನ್ನು ದೂರವಿಟ್ಟಿತ್ತು, ಅವಮಾನದ ಅರ್ಥ ಬರದಂತೆಯೂ ಕಾಪಾಡಿತ್ತು. ಮೊಂಬಾಸಾದಲ್ಲಿ ಆ ಹೆಂಗಸಿನ ಮುಖ ಮುಚ್ಚಿಕೊಂಡಿತು. ತನ್ನಂಥವರ ಕೈಯ ಅಡುಗೆ ಮುಟ್ಟದ ಅಂಗಡಿಯವರನ್ನು ಅವಳು ಮೊದಲೂ ಕಂಡಿದ್ದಳು ಎಂದು ನನ್ನ ಜೊತೆಗಿದ್ದ ಅಲ್ಲಿನ ವಿದ್ಯಾರ್ಥಿನಿ ಆಮೇಲೆ ತಿಳಿಸಿದಳು. ಒಂದೇ ‘ಬೇಡ’ ಕಾರವಾರದಲ್ಲಿ ಆಚಾರವಾಯಿತು, ಮೊಂಬಾಸಾದಲ್ಲಿ ತಿರಸ್ಕಾರವಾಯಿತು. ಮರುದಿನ ಹೋಗಿ ಕ್ಷಮೆ ಕೇಳಿ, ನಮ್ಮ ಮನೆಯ ಊಟದ ಕ್ರಮ ವಿವರಿಸಿದೆ. ಅವಳು ಪೂರ್ತಿ ನಂಬಿದಳು ಎಂದು ನನಗೆ ಅನ್ನಿಸಿಲ್ಲ.

ಪಾಸ್‌ಪೋರ್ಟಿನ ವಿಷಯ ಇನ್ನೂ ನೇರ. ನಮ್ಮ ಮುಂಡಗೋಡದ ಟಿಬೆಟಿಯನ್ ನೆಲೆಗೆ ಶಿರಸಿಯಿಂದ ಬಸ್ಸು ಹತ್ತಿ ನಾನು ಯಾವ ದಿನವಾದರೂ ಹೋಗಬಹುದು. ವಿದೇಶಿಯರು ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ಪಡೆದೇ ಹೋಗಬೇಕು. ಆದರೆ ಆಶ್ರಯ ಕೊಟ್ಟ ದೇಶದ ಪ್ರಜೆಯ ಮುಂದೆ ನಿರಾಶ್ರಿತರು ಆ ದೇಶದ ಬಗ್ಗೆ ದೂರು ಹೇಳುವುದು ಸುಲಭವಲ್ಲ. ಒಳಗೆ ಹೋಗುವುದು ನನಗೆ ಸಲೀಸು, ಮಾತು ಹೊರಬರುವುದು ಕಷ್ಟ. ದೊಡ್ಡ ರಾಷ್ಟ್ರಗಳಿಂದ ಬಂದವರ ಮೇಲೆ ಗೂಢಚಾರರೆಂಬ ಅನುಮಾನ ಹುಟ್ಟಲೂ ಕಾರಣಗಳಿವೆ. ಅಮೆರಿಕದ ಸೇನೆಯ ಹಣದಲ್ಲಿ ಬಡ ರಾಷ್ಟ್ರಗಳ ದಂಗೆಗಳನ್ನು ಅಧ್ಯಯನ ಮಾಡಲು ಹೊರಟಿದ್ದ ‘ಕ್ಯಾಮೆಲಾಟ್’ ಯೋಜನೆ 1965ರಲ್ಲಿ ಚಿಲಿಯಲ್ಲಿ ಬಯಲಾಗಿ ರದ್ದಾಯಿತು. ಅದರ ಕಳಂಕ ಪ್ರಾಮಾಣಿಕ ಸಂಶೋಧಕರಿಗೂ ಮೆತ್ತಿಕೊಂಡಿತು. ಅನುಮಾನ ಸಂಶೋಧಕರ ಪ್ರಾಣವನ್ನೇ ತೆಗೆಯಬಲ್ಲದು. ಕೈರೋದಲ್ಲಿ ಬೀದಿ ವ್ಯಾಪಾರಿಗಳ ಸಂಘಟನೆಗಳ ಬಗ್ಗೆ ಕೆಲಸ ಮಾಡುತ್ತಿದ್ದ ಇಟಲಿಯ ವಿದ್ಯಾರ್ಥಿ ಜೂಲಿಯೊ ರೆಜೇನಿ 2016ರ ಜನವರಿಯಲ್ಲಿ ಕಾಣೆಯಾಗಿ, ಚಿತ್ರಹಿಂಸೆಯ ಗುರುತುಗಳೊಂದಿಗೆ ಶವವಾಗಿ ಸಿಕ್ಕರು.

ಹಾಗಾದರೆ ಒಳಗಿನವರಾದರೆ ಒಳ್ಳೆಯದೇ? ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1972ರಲ್ಲೇ ಈ ವಾದವನ್ನು ಬಿಡಿಸಿ ನೋಡಿದ್ದರು: ಪ್ರತಿಯೊಬ್ಬರೂ ಹಲವು ಗುಂಪುಗಳಿಗೆ ಸೇರಿರುವುದರಿಂದ ಪೂರ್ತಿ ಒಳಗಿನವರು, ಪೂರ್ತಿ ಹೊರಗಿನವರು ಯಾರೂ ಇಲ್ಲ. ಭಾರತೀಯ ತಂದೆ, ಅಮೆರಿಕನ್ ತಾಯಿಯ ಮಗಳಾದ ಮಾನವಶಾಸ್ತ್ರಜ್ಞೆ ಕಿರಿನ್ ನಾರಾಯಣ್ 1993ರಲ್ಲಿ ‘ನಾಡಿನವರು’ ಎಂಬ ಹಣೆಪಟ್ಟಿಯನ್ನೇ ಪ್ರಶ್ನಿಸಿದರು. ಜಪಾನೀ ಮೂಲದ ಅಮೆರಿಕನ್ ಮಾನವಶಾಸ್ತ್ರಜ್ಞೆ ಡೊರಿನ್ ಕೊಂಡೊ ಅವರಿಗೆ ಟೋಕಿಯೊದ ಅಂಗಡಿಯೊಂದರ ಹೊಳೆಯುವ ಲೋಹದಲ್ಲಿ ಒಬ್ಬ ಜಪಾನೀ ಗೃಹಿಣಿ ಕಂಡಳು. ಅದು ತನ್ನದೇ ಬಿಂಬ ಎಂದು ಗೊತ್ತಾದಾಗ ಅವರು ತತ್ತರಿಸಿದರು. ಅಲ್ಲಿನವರ ಮುಖವಿದ್ದದ್ದರಿಂದ ಅಲ್ಲಿನವರ ನಡವಳಿಕೆಯನ್ನೂ ಜನ ಅವರಿಂದ ಬಯಸಿದ್ದರು. ವಿದೇಶಿ ಮುಖದವರಿಗೆ ಸಿಗುವ ರಿಯಾಯಿತಿ ಅವರಿಗಿರಲಿಲ್ಲ.

ನನ್ನೂರ ಕಡೆ ಮದುವೆಯಾಗದೆ ಉಳಿದ ಕೃಷಿಕ ಹುಡುಗರ ಬಗ್ಗೆ ಕೇಳಿಕೊಂಡು ಮನೆಮನೆಗೆ ಹೋದಾಗ ನಾನು ಇದನ್ನೇ ಉಂಡೆ. ಅಡಿಕೆ ಸುಲಿಯುತ್ತ ಕೂತ ಹೆಂಗಸರು ಏನು ಕೇಳಿದರೂ ‘ನಿಂಗೆ ಗೊತ್ತಿಲ್ಯನೇ ಕೂಸೇ?’ ಎನ್ನುವರು. ಗೊತ್ತಿದೆ ಎಂದುಕೊಂಡವಳಿಗೆ ಯಾರೂ ವಿವರಿಸುವುದಿಲ್ಲ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಎರಡು ಮನೆಗಳಲ್ಲಿ ತಾಯಂದಿರು ಮಗನ ತೋಟದ ಉತ್ಪನ್ನವನ್ನು ಸ್ವಲ್ಪ ಏರಿಸಿಯೇ ಹೇಳಿದರು, ಹೊಸದಾಗಿ ಕಟ್ಟಿಸಿದ ಬಚ್ಚಲು ತೋರಿಸಿದರು. ಅವರ ದೃಷ್ಟಿಯಲ್ಲಿ ನಾನು ಸಂದರ್ಶನಕ್ಕೆ ಬಂದವಳಲ್ಲ, ಮನೆ ನೋಡಲು ಬಂದವಳು. ಆ ಅಂಕಿಗಳನ್ನು ನಾನು ಹಾಗೆಯೇ ಬರೆದುಕೊಂಡಿದ್ದರೆ ಆ ಹಳ್ಳಿಯ ಆದಾಯದ ಬಗ್ಗೆ ಸುಳ್ಳು ಬರೆದಂತಾಗುತ್ತಿತ್ತು. ಯಾಕೆ ಏರಿಸಿದರು ಎಂಬುದನ್ನೂ ಬರೆದಾಗ, ಮಗನಿಗೆ ಹೆಣ್ಣು ಸಿಗದ ತಾಯಿಯ ಕಳವಳದ ಬಗ್ಗೆ ಯಾವ ನೇರ ಉತ್ತರಕ್ಕಿಂತ ಹೆಚ್ಚಿನದು ಸಿಕ್ಕಿತು.

ಎಲ್ಲವೂ ನೋಡುವವರ ಮೇಲೆ ನಿಂತಿದ್ದರೆ ಈ ಸಂಶೋಧನೆಗೆ ಬೆಲೆಯೇನು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಚಿಂತಕಿ ಡೊನಾ ಹಾರವೇ 1988ರಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆ: ಎಲ್ಲಿಯೂ ನಿಲ್ಲದೆ ಎಲ್ಲವನ್ನೂ ನೋಡುವ ಕಣ್ಣು ಯಾರಿಗೂ ಇಲ್ಲ, ಎಲ್ಲಿ ನಿಂತಿದ್ದೇವೆ ಎಂದು ಹೇಳಿ ನೋಡಿದ್ದಕ್ಕೆ ಹೊಣೆಯಾಗಬಹುದು. ನಿಂತ ಜಾಗ ಗೊತ್ತಿದ್ದರೆ ಇನ್ನೊಬ್ಬರು ಬೇರೆ ಜಾಗದಲ್ಲಿ ನಿಂತು ನೋಡಿ ಹೋಲಿಸಬಹುದು. ಬೆರೆಮನ್ನರ ಎರಡು ದುಭಾಷಿಗಳಿಂದ ಆದದ್ದು ಅದೇ. ಮುಚ್ಚಿಟ್ಟರೆ ಹೋಲಿಕೆಗೆ ದಾರಿಯೇ ಇಲ್ಲ. ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಕೆಲಸ ಮಾಡಿ ಆಧುನಿಕ ಕ್ಷೇತ್ರಕಾರ್ಯಕ್ಕೆ ಮಾದರಿಯಾದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿಯವರ ಖಾಸಗಿ ದಿನಚರಿ ಅವರು ತೀರಿಕೊಂಡ 25 ವರ್ಷಗಳ ನಂತರ, 1967ರಲ್ಲಿ ಹೊರಬಂದಾಗ, ಅಲ್ಲಿನ ಜನರ ಮೇಲಿನ ಅವರ ಅಸಹನೆ, ಒಂಟಿತನ ಓದಿ ಜನ ಬೆಚ್ಚಿದರು. ಅದು ಮೊದಲೇ ಗೊತ್ತಿದ್ದರೆ ಅವರ ಬರಹಗಳನ್ನು ಓದುವ ಬಗೆಯೇ ಬೇರೆಯಾಗುತ್ತಿತ್ತು.

ಈಗ ಪ್ರಬಂಧಗಳ ಮೊದಲ ಪುಟದಲ್ಲಿ ‘ನಾನು ಮೇಲ್ಜಾತಿಯ, ಮಧ್ಯಮ ವರ್ಗದ, ನಗರದ ಮಹಿಳೆ’ ಎಂದು ಬರೆದು ಮುಂದೆ ಅದನ್ನು ಮರೆತುಬಿಡುವುದು ರೂಢಿಯಾಗಿದೆ. ಅದರಿಂದ ಓದುವವರಿಗೆ ಏನೂ ಪ್ರಯೋಜನವಿಲ್ಲ. ಗುರುತು ಕೆಲಸ ಮಾಡುವುದು ಆಯಾ ಹೊತ್ತಿನಲ್ಲಿ, ಆಯಾ ಮಾತಿನಲ್ಲಿ. ಹಾಗಾಗಿ ನಾನು ಪ್ರತಿ ಸಂದರ್ಶನದ ಟಿಪ್ಪಣಿಯ ಅಂಚಿನಲ್ಲಿ ಕೆಲವು ಸಂಗತಿ ಬರೆದಿಡುತ್ತೇನೆ: ಯಾರು ಪರಿಚಯಿಸಿದರು, ಎಲ್ಲಿ ಕೂರಿಸಿದರು, ಜಗಲಿಯೋ ಒಳಮನೆಯೋ, ಏನು ಕುಡಿಯಲು ಕೊಟ್ಟರು, ಏನೆಂದು ಕರೆದರು, ಯಾರು ಬಂದಾಗ ಮಾತು ನಿಂತಿತು.

ಬೈತಖೋಲಕ್ಕೆ ಎರಡನೆಯ ವರ್ಷ ಹೋದಾಗ, ಅಂಕೋಲಾ ಕಡೆಯಿಂದ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ನನ್ನನ್ನು ತೋರಿಸಿ ‘ಇದು ಯಾರ ಪೈಕಿ?’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹಳೆಯ ಪರಿಚಯದವರು ಬುಟ್ಟಿಯ ಬಂಗಡೆ ಜೋಡಿಸುತ್ತಲೇ ಹೇಳಿದರು: ‘ಭಟ್ರ ಮಗಳು. ಮೀನು ತಿನ್ನೂದಿಲ್ಲ. ಬರ್ಕೊಳ್ತದೆ. ಸಾಲದ ಲೆಕ್ಕ ಎಲ್ಲ ಅದಕ್ಕೆ ಗೊತ್ತುಂಟು.’ ಹೊಸಬಳು ತಲೆಯಾಡಿಸಿದಳು, ತನ್ನ ಬುಟ್ಟಿಯನ್ನು ನನ್ನಿಂದ ಸ್ವಲ್ಪ ಆಚೆ ಸರಿಸಿದಳು. ಆಮೇಲೆ ಬಡ್ಡಿಯ ಮಾತು ಬಂದಾಗಲೆಲ್ಲ ದನಿ ತಗ್ಗಿಸಿದಳು. ಅಂಚಿನಲ್ಲಿ ಬರೆದಿದ್ದೇನೆ: 6.20, ಬುಟ್ಟಿ ಸರಿಸಿದಳು, ಇಲ್ಲಿಂದ ಮುಂದೆ ಪಿಸುಮಾತು.